ಕಾಣದ ಯಂತ್ರಕ್ಕೆ ಬರೆದ ಕ್ರಮವಿಧಿ

ಕನ್ನಡದಲ್ಲಿ ‘ಅವಸರ’ವೆಂದರೆ ಆತುರ. ನೆರೆಯ ಮಲೆಯಾಳದಲ್ಲಿ ಅದೇ ಶಬ್ದಕ್ಕೆ ಅವಕಾಶವೆಂಬ ಅರ್ಥ. ಪರಿಚಿತ ಶಬ್ದವೆಂದು ನಂಬಿ ಹಾಗೆಯೇ ಎತ್ತಿಕೊಂಡರೆ ವಾಕ್ಯವೇ ದಾರಿ ತಪ್ಪುತ್ತದೆ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಕಾಸರಗೋಡಿನ ವಿದ್ಯಾರ್ಥಿಗಳಿಗೆ ಈ ತೊಡಕು ಹೊಸತಲ್ಲ. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೇ ತೊಡಕುಂಟು.

ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತ ಹಂತವಾಗಿ ತಿಳಿಸುವ ಆಜ್ಞೆಗಳ ಸರಣಿಗೆ ಕ್ರಮವಿಧಿ ಅಥವಾ ಪ್ರೋಗ್ರಾಂ ಎನ್ನುತ್ತೇವೆ. ಈ ಆಜ್ಞೆಗಳು ಯಂತ್ರದೊಳಗೆ ಬರಿಯ ಅಂಕೆಗಳು. ಒಂದು ಯಂತ್ರದಲ್ಲಿ ‘ಕೂಡಿಸು’ ಎಂದಾಗುವ ಅಂಕೆ ಮತ್ತೊಂದರಲ್ಲಿ ಬೇರೇನೋ ಆಗಬಹುದು. ಆದುದರಿಂದ ಹಳೆಯ ಯಂತ್ರದ ಕ್ರಮವಿಧಿಯನ್ನು ಹೊಸದಕ್ಕೆ ಒಯ್ಯುವುದೆಂದರೆ ಒಂದು ಬಗೆಯ ಭಾಷಾಂತರವೇ ಸರಿ.

1975ರ ಒಂದು ಪ್ರಸಂಗವನ್ನು ನೋಡೋಣ. ಆ ವರ್ಷದ ಜನವರಿಯಲ್ಲಿ ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಗಣಕವು ಕಾಣಿಸಿಕೊಂಡಿತು. ಮನೆಯಲ್ಲಿಯೇ ಜೋಡಿಸಿಕೊಳ್ಳಬಹುದಾದ ಯಂತ್ರ; ಕೀಲಿಮಣೆಯಿಲ್ಲ, ಪರದೆಯಿಲ್ಲ, ಮುಂಭಾಗದಲ್ಲಿ ಸ್ವಿಚ್ಚುಗಳು ಮತ್ತು ಮಿನುಗುವ ದೀಪಗಳು ಮಾತ್ರ. ಪಾಲ್ ಆಲೆನ್ ಮತ್ತು ಬಿಲ್ ಗೇಟ್ಸ್ ಎಂಬ ಇಬ್ಬರು ತರುಣರು ಇದಕ್ಕೆ ಬೇಸಿಕ್ ಭಾಷೆಯನ್ನು ಕಲಿಸಲು ಮುಂದಾದರು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಹುಟ್ಟಿದ ಬೇಸಿಕ್ ಅಲ್ಲಿಯವರೆಗೆ ದೊಡ್ಡ ಯಂತ್ರಗಳ ಸ್ವತ್ತಾಗಿತ್ತು.

ಆದರೆ ಅವರ ಬಳಿ ಆಲ್ಟೇರ್ ಇರಲೇ ಇಲ್ಲ! ಇದ್ದುದು ಹಾರ್ವರ್ಡ್ ವಿಶ್ವವಿದ್ಯಾಲಯದ ಪಿಡಿಪಿ-10 ಎಂಬ ದೊಡ್ಡ ಗಣಕ. ಆಲ್ಟೇರಿನ ಮಿದುಳಾದ ಇಂಟೆಲ್ 8080ರ ಕೈಪಿಡಿಯನ್ನು ಓದಿ, ಅದರಂತೆಯೇ ನಡೆದುಕೊಳ್ಳುವ ಅನುಕರಣ ಕ್ರಮವಿಧಿಯೊಂದನ್ನು ಆಲೆನ್ ರಚಿಸಿದರು. ನಮ್ಮ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ, ದೊಡ್ಡ ಯಂತ್ರಕ್ಕೆ ಚಿಕ್ಕ ಯಂತ್ರದ ವೇಷ ಕಟ್ಟಿದರು. ಆ ವೇಷದ ಮೇಲೆಯೇ ಗೇಟ್ಸ್ ಬೇಸಿಕ್‌ನ ಬಹುಭಾಗವನ್ನು ಬರೆದರು. ದಶಮಾಂಶ ಗಣಿತದ ಭಾಗವನ್ನು ಮಾಂಟಿ ಡೇವಿಡಾಫ್ ರಚಿಸಿದರು. ಎಲ್ಲವೂ 4096 ಬೈಟುಗಳೊಳಗೆ ಹಿಡಿಸಬೇಕಿತ್ತು. ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಎಂದರೆ, ಇದು ಸುಮಾರು ಎರಡು ಪುಟದ ಬರವಣಿಗೆಯಷ್ಟೇ!

ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಮೂಡಿದ ಕ್ರಮವಿಧಿಯೊಡನೆ ಆಲೆನ್ ಆಲ್ಬುಕರ್ಕಿ ನಗರಕ್ಕೆ ವಿಮಾನ ಹತ್ತಿದರು. ದಾರಿಯಲ್ಲಿ ಎದೆ ಧಸಕ್ಕೆಂದಿತು. ಪಟ್ಟಿಯನ್ನು ಓದಿಕೊಳ್ಳಲು ಯಂತ್ರಕ್ಕೆ ಹೇಳುವ ಪುಟ್ಟ ಆರಂಭ ಕ್ರಮವಿಧಿಯನ್ನು ಬರೆಯಲು ಮರೆತೇಬಿಟ್ಟಿದ್ದರು! ವಿಮಾನದಲ್ಲಿಯೇ ಕುಳಿತು ಅದನ್ನು ಅಂಕೆಗಳಲ್ಲಿ ಬರೆದು ಮುಗಿಸಿದರು. ಇನ್ನೊಂದು ಭಯವೂ ಇತ್ತು: ಕೈಪಿಡಿಯ ಒಂದೇ ಒಂದು ಆಜ್ಞೆಯನ್ನು ತಪ್ಪಾಗಿ ತಿಳಿದಿದ್ದರೂ, ವೇಷದ ಮುಂದೆ ಓಡಿದ ಕ್ರಮವಿಧಿ ನಿಜ ಯಂತ್ರದ ಮುಂದೆ ಮುಗ್ಗರಿಸಬಹುದಿತ್ತು.

ಆರಂಭ ಕ್ರಮವಿಧಿಯನ್ನು ಸ್ವಿಚ್ಚುಗಳ ಮೂಲಕ ಒಳಸೇರಿಸಿದ ಮೇಲೆ ಯಂತ್ರವು ಪಟ್ಟಿಯನ್ನು ಓದತೊಡಗಿತು. ಕೊನೆಗೆ ಟೆಲಿಟೈಪ್ ತಾನಾಗಿಯೇ ಕಟಕಟನೆ ಅಚ್ಚುಮಾಡಿ, ಸ್ಮೃತಿ ಎಷ್ಟೆಂದು ಕೇಳಿತು. 7168 ಎಂದು ಉತ್ತರಿಸಿದರು (7ನ್ನು 1024ರಿಂದ ಗುಣಿಸಿ ನೋಡಿ). ಬಳಿಕ 2ಕ್ಕೆ 2 ಕೂಡಿಸಲು ಹೇಳಿದರು. 4 ಎಂದು ಉತ್ತರ ಬಂತು. ಅದೇ ವರ್ಷದ ಏಪ್ರಿಲಿನಲ್ಲಿ ಗೆಳೆಯರಿಬ್ಬರೂ ಮೈಕ್ರೋಸಾಫ್ಟ್ ಸಂಸ್ಥೆಯನ್ನು ಆರಂಭಿಸಿದರು.

ನಮ್ಮ ಶಾಲೆಯಿಂದ ಹೊರಡುವ ಮಕ್ಕಳು ಮುಂದೆ ಬೇರೆ ಮಾಧ್ಯಮದಲ್ಲಿ ಓದಬೇಕಾಗಬಹುದು. ಕನ್ನಡದಲ್ಲಿ ಕಲಿತುದು ಅಲ್ಲಿ ನಡೆದೀತೇ ಎಂದು ಹೆತ್ತವರು ನಮ್ಮನ್ನು ಕೇಳುವುದುಂಟು. ಹೊಸ ಶಬ್ದಗಳನ್ನು ಹೊಸತಾಗಿಯೇ ಕಲಿಯಬೇಕು, ಅದಕ್ಕೆ ಶ್ರಮವೂ ಬೇಕು. ಆ ಮಾತನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಬಾಯಿಪಾಠದ ಸಾಲುಗಳು ಗಡಿಯಲ್ಲಿ ಉಳಿದುಹೋಗುತ್ತವೆ, ಅರ್ಥವಾದ ಪಾಠ ಜೊತೆಗೆ ಬರುತ್ತದೆ. ತಿಳಿದು ಓದುವ ಅಭ್ಯಾಸವೇ ಎಲ್ಲಕ್ಕೂ ಮೊದಲು ಬೇಕಾದ ಆ ಪುಟ್ಟ ಆರಂಭ ಕ್ರಮವಿಧಿ. ಅದನ್ನು ಮರೆತು ಹೊರಡದಿರೋಣ.