ಸತ್ತವನು ಎದ್ದ ಮೇಲೆ ಬಕೆಟ್ಟು ಬರುತ್ತದೆ

ಡಿಸೆಂಬರ್ ಕೊನೆಯಲ್ಲಿ ದಕ್ಷಿಣ ವೇಲ್ಸ್‌ನಲ್ಲಿ ಸಂಜೆ ನಾಲ್ಕು ದಾಟುತ್ತಲೇ ಹೊತ್ತು ಮುಳುಗುತ್ತದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಊರಿನ ಪಬ್ಬಿನಲ್ಲಿ ಬೆಚ್ಚಗೆ ಕೂತು ಹರಟುವ ಜನ. ಆಗ ಬಾಗಿಲು ದಡಾರನೆ ತೆರೆಯುತ್ತದೆ. ಮೈತುಂಬ ಬಣ್ಣಬಣ್ಣದ ಬಟ್ಟೆಚೂರು ಹೊಲಿದುಕೊಂಡ ಏಳೆಂಟು ಮಂದಿ ಒಳಗೆ ನುಗ್ಗುತ್ತಾರೆ. ಬಿಳಿ ಗಡ್ಡದ ಮುದುಕನೊಬ್ಬ ಎಲ್ಲರನ್ನೂ ಸರಿಸಿ ಜಾಗ ಮಾಡಿಸುತ್ತಾನೆ. ಇಬ್ಬರು ಮರದ ಕತ್ತಿ ಹಿಡಿದು ಹೊಡೆದಾಡುತ್ತಾರೆ, ಒಬ್ಬ ಸತ್ತು ಬೀಳುತ್ತಾನೆ. ಉದ್ದ ಟೋಪಿಯ ವೈದ್ಯ ಬಂದು ಎರಡು ಹನಿ ಔಷಧ ಹಾಕಿದರೆ ಸತ್ತವನು ಎದ್ದು ಕೂರುತ್ತಾನೆ. ಹತ್ತು ಹದಿನೈದು ನಿಮಿಷಕ್ಕೆಲ್ಲ ಆಟ ಮುಗಿದು, ಒಂದು ಬಕೆಟ್ಟು ಮೇಜಿನಿಂದ ಮೇಜಿಗೆ ಸಾಗುತ್ತದೆ.

ಓದಿಗೆಂದೋ ಆಸ್ಪತ್ರೆಯ ಕೆಲಸಕ್ಕೆಂದೋ ಕಾರ್ಡಿಫ್, ಸ್ವಾನ್ಸಿ ಸೇರಿದ ಕನ್ನಡಿಗರು ಇದನ್ನು ಮೊದಲ ಸಲ ಕಂಡಾಗ ಬೆರಗಾಗುವುದು ಸಹಜ. ಯಾರು ಇವರು? ಕಥೆ ಏನು? ಹಣ ಯಾರಿಗೆ? ಒಂದೊಂದಾಗಿ ಬಿಡಿಸಿಕೊಳ್ಳೋಣ.

ಮಾರಿಸ್ ಕುಣಿತ, ಮಮ್ಮರ್ ವೇಷ

ಮೊದಲು ಎರಡು ಪದ ತಿಳಿದಿರಲಿ. ಮಾರಿಸ್ ಎಂಬುದು ಕುಣಿತ. ಮೊಣಕಾಲಿನ ಕೆಳಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಬಿಳಿ ಕರವಸ್ತ್ರವನ್ನೋ ಕೋಲನ್ನೋ ಹಿಡಿದು, ಹೆಚ್ಚಾಗಿ ಆರು ಮಂದಿ ಎರಡು ಸಾಲಾಗಿ ನಿಂತು ಕುಣಿಯುತ್ತಾರೆ. ಜೊತೆಗೆ ಪಿಟೀಲು, ಅಕಾರ್ಡಿಯನ್ ಅಥವಾ ಕನ್ಸರ್ಟೀನಾ ಇರುತ್ತದೆ. ಇಂಗ್ಲೆಂಡಿನಲ್ಲಿ ಈ ಕುಣಿತದ ಅತಿ ಹಳೆಯ ದಾಖಲೆ 1448ರದು. ಲಂಡನ್ನಿನ ಅಕ್ಕಸಾಲಿಗರ ಸಂಘ ಮಾರಿಸ್ ಕುಣಿದವರಿಗೆ ಏಳು ಷಿಲಿಂಗ್ ಕೊಟ್ಟ ಲೆಕ್ಕ ಅದು. ವೇಲ್ಸ್ ಗಡಿಯ ಕಡೆಯ ಹೆರೆಫರ್ಡ್‌ಷೈರ್, ವೂಸ್ಟರ್‌ಷೈರ್, ಶ್ರಾಪ್‌ಷೈರ್‌ಗಳ ಶೈಲಿಗೆ ‘ಬಾರ್ಡರ್ ಮಾರಿಸ್’ ಎಂದು ಹೆಸರು. ಚಿಂದಿ ಹೊಲಿದ ಕೋಟು, ಕೋಲಿಗೆ ಕೋಲು ಬಡಿಯುವ ಅಬ್ಬರ ಅದರ ಗುರುತು.

ಮಮ್ಮರ್ ಎಂದರೆ ವೇಷ ತೊಟ್ಟು, ತನ್ನ ಗುರುತು ಮರೆಸಿಕೊಂಡು ಬರುವವನು. ವೇಷ ಮರೆಸಿಕೊಂಡು ಮನೆಮನೆಗೆ ನುಗ್ಗುವ ಪದ್ಧತಿ ಎಷ್ಟು ಹರಡಿತ್ತೆಂದರೆ, ಎಂಟನೆಯ ಹೆನ್ರಿಯ ಕಾಲದಲ್ಲಿ, 1511ರಲ್ಲಿ, ಮುಖವಾಡ ತೊಟ್ಟು ತಿರುಗುವುದರ ವಿರುದ್ಧ ಕಾನೂನೇ ಬಂತು. ಆದರೆ ಕತ್ತಿ ಕಾಳಗ, ಸಾವು, ವೈದ್ಯ ಇರುವ ಇಂದಿನ ಪದ್ಯನಾಟಕದ ಪಠ್ಯಗಳು ಸಿಗುವುದು ಹದಿನೆಂಟನೆಯ ಶತಮಾನದ ನಡುವಿನಿಂದ ಈಚೆಗೆ. ಆಮೇಲೆ ಬೀದಿಯಲ್ಲಿ ಮಾರುವ ಅಗ್ಗದ ಚಿಕ್ಕ ಪುಸ್ತಕಗಳಲ್ಲೂ ಅವು ಅಚ್ಚಾದವು.

ಪಬ್ಬಿಗೆ ನುಗ್ಗುವ ಈ ಮಮ್ಮರ್‌ಗಳು ಹಲವೆಡೆ ಮಾರಿಸ್ ತಂಡದವರೇ. ಕುಣಿತದ ತಂಡ ನಾಟಕಕ್ಕೆ ಕೈಹಾಕುವುದೇಕೆ? ಎರಡೂ ಹಳ್ಳಿಯ ದುಡಿಯುವ ಜನರ ಕಲೆಗಳು. ಎರಡಕ್ಕೂ ರಂಗಸ್ಥಳ ಬೇಡ, ಬೀದಿ ಸಾಕು. ಮಾರಿಸ್‌ನ ಮುಖ್ಯ ಸುಗ್ಗಿ ವಸಂತ, ಬೇಸಿಗೆ. ಚಳಿಗಾಲದಲ್ಲಿ ಗೆಜ್ಜೆ ಬಿಚ್ಚಿದ ತಂಡ ಚೆದುರಿಹೋಗದಂತೆ ಮಮ್ಮರ್ ಆಟ ಹಿಡಿದಿಡುತ್ತದೆ.

ಆಟ ಸಾಗುವ ಬಗೆ

ಊರಿಂದೂರಿಗೆ ಮಾತು ಬದಲಾದರೂ ಕಟ್ಟು ಒಂದೇ. ಮೊದಲು ಫಾದರ್ ಕ್ರಿಸ್‌ಮಸ್ ಬರುತ್ತಾನೆ. ಉಡುಗೊರೆಯ ಚೀಲ ಹೊತ್ತ ಸಾಂಟಾ ಎಂದು ಇವನನ್ನು ತಿಳಿಯಬೇಡಿ. ಇವನು ಆಟದ ಸೂತ್ರಧಾರ. ಜಾಗ ಮಾಡಿಸುವುದು, ಪಾತ್ರಗಳನ್ನು ಕರೆಯುವುದು ಇವನ ಕೆಲಸ. ಆಮೇಲೆ ಸಂತ ಜಾರ್ಜ್. ಕೆಲವು ಕಡೆ ಅವನೇ ಕಿಂಗ್ ಜಾರ್ಜ್. ತನ್ನ ಪರಾಕ್ರಮವನ್ನು ತಾನೇ ಹೊಗಳಿಕೊಳ್ಳುತ್ತಾನೆ. ಎದುರಾಳಿಯಾಗಿ ಟರ್ಕಿಶ್ ನೈಟ್ ಅಥವಾ ಬೋಲ್ಡ್ ಸ್ಲ್ಯಾಷರ್ ಎಂಬ ಸೈನಿಕ. ಇಬ್ಬರೂ ಪ್ರಾಸಬದ್ಧವಾಗಿ ಬಡಾಯಿ ಕೊಚ್ಚಿ, ಕತ್ತಿಗೆ ಕತ್ತಿ ತಾಗಿಸಿ, ಕೊನೆಗೆ ಒಬ್ಬ ಉರುಳುತ್ತಾನೆ.

ಆಟದ ಜೀವ ಇರುವುದು ಇಲ್ಲಿಂದ ಮುಂದೆ. ‘ವೈದ್ಯರಿದ್ದಾರೆಯೇ?’ ಎಂಬ ಕೂಗಿಗೆ ಡಾಕ್ಟರ್ ಚೀಲ ಹಿಡಿದು ಬರುತ್ತಾನೆ. ತಾನು ಸುತ್ತಿದ ದೇಶ, ವಾಸಿಮಾಡಿದ ರೋಗಗಳ ಪಟ್ಟಿ ಒಪ್ಪಿಸುತ್ತಾನೆ. ಶುಲ್ಕಕ್ಕೆ ಚೌಕಾಸಿ ನಡೆಯುತ್ತದೆ. ಆಮೇಲೆ ಬಾಟಲಿಯ ಹನಿ, ಸತ್ತವನ ಪುನರ್ಜೀವ. ವರ್ಷದ ರಾಜಕೀಯ, ಊರಿನ ಸುದ್ದಿ, ಆಸ್ಪತ್ರೆಯಲ್ಲಿ ಕಾಯುವ ಸರದಿ ಎಲ್ಲವೂ ಡಾಕ್ಟರನ ಬಾಯಲ್ಲಿ ನುಸುಳಬಹುದು. ಹಳೆಯ ಪದ್ಯಕ್ಕೆ ಹೊಸ ಮಾತು ಸೇರಲು ಸಂಪ್ರದಾಯವೇ ತೆರೆದಿಟ್ಟ ಕಿಂಡಿ ಅದು.

ಕೊನೆಯದು ಮೆರವಣಿಗೆ. ಗದೆಯನ್ನೂ ಬಾಣಲೆಯನ್ನೂ ಹಿಡಿದ ಬೀಲ್ಜೆಬಬ್, ಬೆನ್ನ ಮೇಲೆ ಹೆಂಡತಿ ಮಕ್ಕಳೆಂದು ಗೊಂಬೆ ಕಟ್ಟಿಕೊಂಡ ಜಾನಿ ಜ್ಯಾಕ್, ಪೊರಕೆ ಹಿಡಿದ ಲಿಟಲ್ ಡೆವಿಲ್ ಡೌಟ್. ಕಥೆಗೂ ಇವರಿಗೂ ಸಂಬಂಧವಿಲ್ಲ. ಇವರು ಬರುವುದು ಹಣ ಕೇಳಲು. ಕೊಡದಿದ್ದರೆ ಎಲ್ಲರನ್ನೂ ಗುಡಿಸಿ ಹಾಕುತ್ತೇನೆಂದು ಪೊರಕೆಯವನು ಹೆದರಿಸುತ್ತಾನೆ.

ಹೊಸಬರು ಎಡವುವುದು ಅಭಿನಯದ ವಿಚಾರದಲ್ಲಿ. ಪಾತ್ರಧಾರಿಗಳು ಅರ್ಧವೃತ್ತವಾಗಿ ನಿಂತು, ಸರದಿ ಬಂದಾಗ ಒಂದು ಹೆಜ್ಜೆ ಮುಂದೆ ಬಂದು, ಗಟ್ಟಿ ದನಿಯಲ್ಲಿ ಮಾತು ಒಪ್ಪಿಸಿ, ಹಿಂದೆ ಸರಿಯುತ್ತಾರೆ. ಭಾವಾಭಿನಯ ಕಾಣದೆ ‘ಇವರಿಗೆ ನಟನೆ ಬರುವುದಿಲ್ಲ’ ಎನ್ನಿಸಬಹುದು. ಥಾಮಸ್ ಹಾರ್ಡಿ 1878ರ ‘ದಿ ರಿಟರ್ನ್ ಆಫ್ ದಿ ನೇಟಿವ್’ ಕಾದಂಬರಿಯಲ್ಲಿ ಇದನ್ನೇ ಗಮನಿಸಿದ್ದಾನೆ: ಉತ್ಸಾಹವಿಲ್ಲದೆ, ಮಾಡಲೇಬೇಕಾದ ಕೆಲಸವೆಂಬಂತೆ ಆಡುವುದೇ ನಿಜವಾದ ಸಂಪ್ರದಾಯದ ಗುರುತು ಎಂದು. ಆ ಕಾದಂಬರಿಯಲ್ಲಿ ನಾಯಕಿ ಯೂಸ್ಟೇಷಿಯಾ ಗುಟ್ಟಾಗಿ ಟರ್ಕಿಶ್ ನೈಟ್‌ನ ವೇಷ ತೊಡುತ್ತಾಳೆ. ಅಂದು ಗಂಡಸರದ್ದೇ ಆಗಿದ್ದ ಈ ಆಟದಲ್ಲಿ ಇಂದು ಹೆಂಗಸರು ಯಾವ ಗುಟ್ಟೂ ಇಲ್ಲದೆ ಪಾತ್ರ ವಹಿಸುತ್ತಾರೆ.

ವೇಲ್ಸ್‌ಗೆ ಬಂದದ್ದು ಹೇಗೆ

ಸಂತ ಜಾರ್ಜ್ ಇಂಗ್ಲೆಂಡಿನ ಸಂತ, ಆಟದ ಭಾಷೆ ಇಂಗ್ಲಿಷ್. ವೆಲ್ಷ್ ನಾಡಿನಲ್ಲಿ ಇದಕ್ಕೇನು ಕೆಲಸ? ಉತ್ತರ ಕರಾವಳಿಯಲ್ಲಿದೆ. ನಾರ್ಮನ್ನರ ಕಾಲದಿಂದಲೇ ದಕ್ಷಿಣ ಪೆಂಬ್ರೋಕ್‌ಷೈರ್‌ನಲ್ಲಿ, ಗವರ್ ಪರ್ಯಾಯ ದ್ವೀಪದ ದಕ್ಷಿಣದಲ್ಲಿ ಇಂಗ್ಲಿಷ್ ಮಾತಾಡುವವರು ನೆಲೆಸಿದ್ದರು. ಪೆಂಬ್ರೋಕ್‌ಷೈರ್‌ನ ಟೆನ್‌ಬಿ ಪಟ್ಟಣದ ಕ್ರಿಸ್‌ಮಸ್ ಮಮ್ಮರ್ ಆಟದ ಮಾತುಗಳು 1858ರಲ್ಲೇ ಅಚ್ಚಾಗಿವೆ. ಆದ್ದರಿಂದ ವೇಲ್ಸ್‌ನ ತಂಡ ಇದನ್ನು ಆಡಿದರೆ ಅದು ತೀರ ಹೊರಗಿನಿಂದ ತಂದ ಸರಕಲ್ಲ.

ವೆಲ್ಷ್ ಭಾಷೆಯ ಊರುಗಳಿಗೆ ತಮ್ಮದೇ ಚಳಿಗಾಲದ ಅತಿಥಿ ಇದ್ದಳು: ಮಾರಿ ಲೂಯ್ಡ್. ಕುದುರೆಯ ತಲೆಬುರುಡೆಯನ್ನು ಕೋಲಿಗೆ ಸಿಕ್ಕಿಸಿ, ಬಿಳಿ ಬಟ್ಟೆ ಹೊದಿಸಿ, ರಿಬ್ಬನ್ನು ಕಟ್ಟಿ ಮನೆಬಾಗಿಲಿಗೆ ಒಯ್ಯುತ್ತಾರೆ. ಹೊರಗಿನವರು ಪದ ಹಾಡಿ ಒಳಗೆ ಬಿಡಿ ಎಂದರೆ, ಒಳಗಿನವರು ಪದದಲ್ಲೇ ಬಿಡುವುದಿಲ್ಲ ಎನ್ನುತ್ತಾರೆ. ‘ಪುಂಕೋ’ ಎಂಬ ಈ ಸವಾಲು ಜವಾಬಿನಲ್ಲಿ ಒಳಗಿನವರು ಸೋತರೆ ಬಾಗಿಲು ತೆರೆಯಬೇಕು, ತಿನ್ನಲು ಕುಡಿಯಲು ಕೊಡಬೇಕು. ಗ್ಲಾಮೊರ್ಗನ್ ಸೀಮೆಯಲ್ಲಿ ಇದು ಗಟ್ಟಿಯಾಗಿ ಉಳಿದಿದೆ. ಕೆಲವು ಮಾರಿಸ್ ತಂಡಗಳು ಇದಕ್ಕೂ ಕೈಜೋಡಿಸುತ್ತವೆ.

ಸ್ವಾನ್ಸಿಯ ಒಂದು ಮಾರಿಸ್ ತಂಡದ ಹೆಸರು ‘ಹೆಬ್ ಎನು’. ವೆಲ್ಷ್‌ನಲ್ಲಿ ಹಾಗೆಂದರೆ ‘ಹೆಸರಿಲ್ಲದ್ದು’. ಹೆಸರು ಮರೆಸಿ ವೇಷದಲ್ಲಿ ಬರುವ ಕಲೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಪುರಾತನ ಆಚರಣೆಯೇ?

ಸತ್ತು ಹುಟ್ಟುವ ಕಥೆ ಚಳಿಗಾಲದ ನಟ್ಟನಡುವೆ ಬರುವುದನ್ನು ಕಂಡು, ಇದು ಕ್ರೈಸ್ತಪೂರ್ವ ಕಾಲದ ಫಲವಂತಿಕೆಯ ಆಚರಣೆ ಎಂದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಬಹುಕಾಲ ನಂಬಿದ್ದರು. ಅಂದದ ಮಾತು, ಆದರೆ ಆಧಾರವಿಲ್ಲ. ಹದಿನೆಂಟನೆಯ ಶತಮಾನಕ್ಕಿಂತ ಹಿಂದೆ ಈ ನಾಟಕದ ಜಾಡು ಸಿಗುವುದಿಲ್ಲ ಎಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಇದರಿಂದ ಆಟದ ಬೆಲೆ ಕಡಿಮೆಯಾಗುವುದಿಲ್ಲ. ತಲೆಮಾರುಗಟ್ಟಲೆ ಬಡವರು ಬಾಯಿಪಾಠದಲ್ಲಿ ಕಾಪಾಡಿ ತಂದದ್ದು ಸಣ್ಣ ಸಂಗತಿಯಲ್ಲ.

ಮೊದಲ ಮಹಾಯುದ್ಧ ಈ ಸರಣಿಯನ್ನು ಅನೇಕ ಊರುಗಳಲ್ಲಿ ಕಡಿಯಿತು. ಆಡುತ್ತಿದ್ದ ಹುಡುಗರು ಮರಳಲಿಲ್ಲ. ಪಠ್ಯಗಳನ್ನು ಊರೂರಲ್ಲಿ ಸಂಗ್ರಹಿಸಿದ್ದ ರೆಜಿನಾಲ್ಡ್ ಟಿಡ್ಡಿ ಕೂಡ 1916ರಲ್ಲಿ ಯುದ್ಧಭೂಮಿಯಲ್ಲಿ ತೀರಿಕೊಂಡರು. ಅವರ ‘ದಿ ಮಮ್ಮರ್ಸ್ ಪ್ಲೇ’ ಹೊರಬಂದದ್ದು 1923ರಲ್ಲಿ. ಮುಂದೆ ಮಾರಿಸ್ ತಂಡಗಳು ಇಂಥ ಸಂಗ್ರಹಗಳನ್ನು ತೆರೆದು ಆಟವನ್ನು ಮತ್ತೆ ಎಬ್ಬಿಸಿದವು.

ಸಂಪ್ರದಾಯವೆಂದು ಎಲ್ಲವನ್ನೂ ಹೊತ್ತು ತರಬೇಕಾಗಿಲ್ಲ. ಗುರುತು ಮರೆಸಲು ಮುಖಕ್ಕೆ ಮಸಿ ಬಳಿಯುವ ರೂಢಿ ಇತ್ತು. ಕಪ್ಪು ಜನರಿಗೆ ಅದು ನೋವು ತರುತ್ತದೆ ಎಂಬುದನ್ನು ಮನಗಂಡ ಮಾರಿಸ್ ಒಕ್ಕೂಟಗಳು 2020ರಲ್ಲಿ ಅದನ್ನು ಕೈಬಿಡುವಂತೆ ಕೇಳಿದವು. ಬಣ್ಣ ಬದಲಾಯಿತು, ಆಟ ಉಳಿಯಿತು.

ಬಕೆಟ್ಟಿನ ಹಣ

ಹೊಸಬರು ತಿಳಿಯಲೇಬೇಕಾದ ಮಾತು ಇದು: ಆಟ ಮುಗಿದ ಮೇಲೆ ಬಕೆಟ್ಟು ಬರುವುದಿಲ್ಲ. ಬಕೆಟ್ಟು ಬರುವುದೇ ಆಟದ ಕೊನೆಯ ಅಂಕ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಆಡುತ್ತಿದ್ದವರು ಹೆಚ್ಚಾಗಿ ಹೊಲದ ಕೂಲಿಗಳು. ನೆಲ ಹೆಪ್ಪುಗಟ್ಟಿದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ಬರಿಗೈ ಚಾಚಿದರೆ ಅದು ಭಿಕ್ಷೆ. ಆಟ ಆಡಿ ಕೇಳಿದರೆ ಹಬ್ಬದ ಹಕ್ಕು. ಮಾರಿಸ್‌ನದೂ ಇದೇ ಕಥೆ. 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್‌ನಲ್ಲಿ ಮುಂದೆ ಜನಪದ ಕುಣಿತಗಳನ್ನು ಸಂಗ್ರಹಿಸಿದ ಸೆಸಿಲ್ ಶಾರ್ಪ್ ಮೊದಲ ಸಲ ಮಾರಿಸ್ ಕಂಡರು. ಆ ಭೇಟಿಯೇ ಜನಪದ ಕುಣಿತದ ಪುನರುತ್ಥಾನಕ್ಕೆ ನಾಂದಿಯಾಯಿತು. ವಸಂತದಲ್ಲಿ ಕುಣಿಯಬೇಕಿದ್ದವರು ಅಂದು ಕುಣಿದದ್ದೇಕೆ? ಹಿಮದಿಂದ ಕೆಲಸ ನಿಂತು ಕೈಯಲ್ಲಿ ಕಾಸಿರಲಿಲ್ಲ. ಅಕಾಲದಲ್ಲಿ ಕುಣಿದದ್ದಕ್ಕೆ ಕನ್ಸರ್ಟೀನಾ ನುಡಿಸಿದ ವಿಲಿಯಂ ಕಿಂಬರ್ ಕ್ಷಮೆಯನ್ನೂ ಕೇಳಿದ್ದರು.

ಇಂದು ಆಡುವವರಿಗೆ ಬೇರೆ ಉದ್ಯೋಗವಿದೆ. ಹಾಗೆಂದು ಪೊರಕೆಯವನ ಪಾತ್ರವನ್ನು ಕಿತ್ತುಹಾಕಿದರೆ ಆಟ ಕುಂಟುತ್ತದೆ. ಅದಕ್ಕೆ ತಂಡಗಳು ಕಂಡುಕೊಂಡ ದಾರಿ ದಾನ. ಸಾವಿನ ಅಂಚಿನಲ್ಲಿರುವವರನ್ನು ನೋಡಿಕೊಳ್ಳುವ ಹಾಸ್ಪೈಸ್, ಸಮುದ್ರದಲ್ಲಿ ಸಿಕ್ಕಿಕೊಂಡವರನ್ನು ಎಳೆದು ತರುವ ಜೀವರಕ್ಷಕ ದೋಣಿ, 2001ರಲ್ಲಿ ಆರಂಭವಾಗಿ ಜನರ ದೇಣಿಗೆಯಿಂದ ಹಾರುತ್ತಿರುವ ವೇಲ್ಸ್ ಏರ್ ಆಂಬ್ಯುಲೆನ್ಸ್: ಬಕೆಟ್ಟಿನ ಹಣ ಸೇರಬಹುದಾದ ಜಾಗಗಳು ಇಂಥವು. ಬೀದಿಯಲ್ಲಿ ದಾನ ಎತ್ತಲು ಸ್ಥಳೀಯ ಆಡಳಿತದ ಅನುಮತಿ ಬೇಕು, ಪಬ್ಬಿನಲ್ಲಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಹಾಗಾಗಿ ಡಾಕ್ಟರನ ಚೀಲದ ಹಿಂದೆ ಅರ್ಜಿ, ಲೆಕ್ಕಪತ್ರಗಳ ಶಿಸ್ತೂ ಇರುತ್ತದೆ.

ನೋಡಲು ಹೋದಾಗ

ಟಿಕೆಟ್ಟಿಲ್ಲ, ಆಸನವಿಲ್ಲ. ಒಂದೇ ಸಂಜೆ ತಂಡ ಮೂರು ನಾಲ್ಕು ಪಬ್ಬು ಸುತ್ತಬಹುದು. ತುಸು ಮೊದಲೇ ಹೋಗಿ ಗೋಡೆಯ ಬದಿ ನಿಲ್ಲಿ. ಕತ್ತಿ ಬೀಸಲು ಜಾಗ ಬೇಕು. ಮಾತು ಪೂರ್ತಿ ತಿಳಿಯದಿದ್ದರೆ ಚಿಂತೆಯಿಲ್ಲ, ಪ್ರಾಸದ ಬಡಿತ ಕೇಳಿ. ಖಳ ಬಂದಾಗ ಊರವರೊಂದಿಗೆ ಹುಯಿಲೆಬ್ಬಿಸಿ. ಮಕ್ಕಳನ್ನು ಕರೆದೊಯ್ಯಿರಿ, ಸತ್ತವನು ಏಳುವ ಗಳಿಗೆಯಲ್ಲಿ ಅವರ ಮುಖ ನೋಡಿ.

ಆಟದಲ್ಲಿ ಬದುಕಿಸುವುದು ಮರದ ಕತ್ತಿಗೆ ಸತ್ತವನನ್ನು, ಬರೀ ಎರಡು ಹನಿಯಲ್ಲಿ. ಆಟದ ಹೊರಗೆ ಒಬ್ಬರನ್ನು ಬದುಕಿಸಲು ಹೆಲಿಕಾಪ್ಟರಿಗೆ ಇಂಧನ ಬೇಕು, ದೋಣಿಗೆ ಹಗ್ಗ ಬೇಕು, ಹಾಸಿಗೆಯ ಪಕ್ಕ ರಾತ್ರಿಯೆಲ್ಲ ಕೂರುವ ದಾದಿ ಬೇಕು. ಪೊರಕೆಯವನು ನಿಮ್ಮ ಮುಂದೆ ಬಂದು ನಿಂತಾಗ ಕೈಗೆ ಸಿಕ್ಕಷ್ಟು ಹಾಕಿ. ಆ ಕೊನೆಯ ಅಂಕದಲ್ಲಿ ನಿಮಗೂ ಒಂದು ಪಾತ್ರವಿದೆ.