ಮನೆಯಿಂದ ಕೆಲಸ: ದಿನಕ್ಕೊಂದು ಕೊನೆ ಗೊತ್ತುಪಡಿಸುವ ಬಗೆ

ಮನೆಯಿಂದಲೇ ಕಚೇರಿ ಕೆಲಸ ಮಾಡುವ ಪದ್ಧತಿ ನೌಕರರಿಗೆ ಒಳಿತೋ ಕೆಡುಕೋ ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲವೆಂಬುದನ್ನು ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆಯಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿಕೊಟ್ಟಿದೆ. ಒಂಬತ್ತು ತಿಂಗಳು ಮನೆಯಲ್ಲಿ ದುಡಿದವರ ಕೆಲಸದ ಪ್ರಮಾಣ ಶೇ 13ರಷ್ಟು ಹೆಚ್ಚಿ, ನೌಕರಿ ಬಿಡುವವರ ಸಂಖ್ಯೆ ಅರ್ಧಕ್ಕಿಳಿದರೂ, ಆಯ್ಕೆ ಕೊಟ್ಟಾಗ ಸುಮಾರು ಅರ್ಧದಷ್ಟು ಮಂದಿ ಕಚೇರಿಗೇ ಮರಳಿದರು. ಒಂಟಿತನವೇ ಅವರ ಮುಖ್ಯ ದೂರಾಗಿತ್ತು.

ಬೆಂಗಳೂರಿನ ಐಟಿ ನೌಕರರಿಗೆ ಇದರ ಜೊತೆಗೆ ಹೊತ್ತಿನ ತೊಡಕೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9 ಗಂಟೆಯಾದಾಗ ಇಲ್ಲಿ ರಾತ್ರಿ 9.30, ನವೆಂಬರಿನಲ್ಲಿ ಅಲ್ಲಿನವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಮೇಲೆ 10.30. ಕಚೇರಿಯಲ್ಲಾದರೆ ಕ್ಯಾಬ್ ಹೊರಡುವ ಹೊತ್ತಾದರೂ ಕೆಲಸವನ್ನು ನಿಲ್ಲಿಸುತ್ತಿತ್ತು, ಮನೆಯಲ್ಲಿ ಅದೂ ಇಲ್ಲ.

ಆದ್ದರಿಂದ ಮೊದಲು ಮಾಡಬೇಕಾದದ್ದು ಮ್ಯಾನೇಜರ್ ಜೊತೆ ಮಾತಾಡಿ ಕೆಲಸದ ಅವಧಿಯನ್ನು ಇ-ಮೇಲ್‌ನಲ್ಲಿ ಗೊತ್ತುಪಡಿಸಿಕೊಳ್ಳುವುದು. ವಾರದಲ್ಲಿ ಯಾವ ದಿನ ತಡರಾತ್ರಿಯ ಕಾಲ್, ಅದರ ಮರುದಿನ ಎಷ್ಟು ಹೊತ್ತಿಗೆ ಲಾಗಿನ್ ಎಂಬುದು ತಂಡದ ಕ್ಯಾಲೆಂಡರಿನಲ್ಲೇ ಕಾಣುವಂತಿರಬೇಕು. ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಕರೆ, ಸಂದೇಶಗಳಿಗೆ ಉತ್ತರಿಸದಿರುವ ಸ್ವಾತಂತ್ರ್ಯಕ್ಕೆ, ಅಂದರೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿಗೆ, ಫ್ರಾನ್ಸಿನಲ್ಲಿ 2017ರಿಂದ ಕಾನೂನಿನ ಬೆಂಬಲವಿದೆ. ನಮ್ಮಲ್ಲಿ ಅದಿಲ್ಲದಿರುವಾಗ ಇಂಥ ಬರಹದ ಒಪ್ಪಂದವೇ ನೌಕರನಿಗೆ ಆಸರೆ.

ಎರಡನೆಯದು ಕೂರುವ ಜಾಗ. ಲ್ಯಾಪ್‌ಟಾಪ್‌ನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗೆ ಅನುಕೂಲವಾದ ಎತ್ತರದಲ್ಲಿಟ್ಟರೆ ಕತ್ತು ಬಾಗುತ್ತದೆ, ಕಣ್ಣಿನ ಮಟ್ಟಕ್ಕೆ ಏರಿಸಿದರೆ ಭುಜ ಸೋಲುತ್ತದೆ. ನಾಲ್ಕು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬೇರೊಂದು ಕೀಲಿಮಣೆ, ಮೌಸ್ ಜೋಡಿಸಿದರೆ ಈ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಮಂಚದ ಮೇಲೆ ಕೂತು ಕೆಲಸ ಮಾಡುವುದು ಬೇಡ.

ಮನೆಯವರೊಂದಿಗೂ ಒಪ್ಪಂದ ಬೇಕು, ಹೆಂಗಸರಿಗಂತೂ ಇದು ಅತ್ಯಗತ್ಯ. ಸೊಸೆ ಮನೆಯಲ್ಲೇ ಇದ್ದಾಳೆಂಬ ಕಾರಣಕ್ಕೆ ಕುಕ್ಕರಿನ ಸೀಟಿ ಎಣಿಸುವುದರಿಂದ ಹಿಡಿದು ಕೊರಿಯರ್ ಪಡೆಯುವವರೆಗಿನ ಕೆಲಸಗಳೆಲ್ಲ ಅವಳ ಪಾಲಿಗೇ ಬಂದರೆ ಆ ಆಯಾಸ ಯಾವ ಟೈಮ್‌ಶೀಟಿನಲ್ಲೂ ದಾಖಲಾಗುವುದಿಲ್ಲ. ಯಾವ ಹೊತ್ತಿನಲ್ಲಿ ಯಾವ ಕೆಲಸ ಯಾರದೆಂದು ಮುಂಚಿತವಾಗಿ ಹಂಚಿಕೊಳ್ಳುವುದೇ ಇದಕ್ಕೆ ದಾರಿ.

ಒಂಟಿತನಕ್ಕೆ ಮಿಶ್ರ ಪದ್ಧತಿ, ಅಂದರೆ ವಾರದ ಕೆಲವು ದಿನ ಮನೆಯಲ್ಲಿ, ಉಳಿದ ದಿನ ಕಚೇರಿಯಲ್ಲಿ ದುಡಿಯುವ ಕ್ರಮ, ಸದ್ಯಕ್ಕೆ ಹೆಚ್ಚು ನಂಬಬಹುದಾದ ಉಪಾಯ. ಸಿಟ್ರಿಪ್ಪೇ ಟ್ರಿಪ್.ಕಾಮ್ ಎಂದು ಹೆಸರು ಬದಲಿಸಿಕೊಂಡ ಬಳಿಕ ಅಲ್ಲಿ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ವಾರಕ್ಕೆರಡು ದಿನ ಮನೆಯಿಂದ ದುಡಿದವರಲ್ಲಿ ರಾಜೀನಾಮೆ ಮೂರನೇ ಒಂದು ಭಾಗದಷ್ಟು ತಗ್ಗಿತು. ಆದರೆ ತಂಡದವರೆಲ್ಲ ಒಂದೇ ದಿನ ಕಚೇರಿಗೆ ಬರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಔಟರ್ ರಿಂಗ್ ರಸ್ತೆಯ ಟ್ರಾಫಿಕ್ ದಾಟಿ ಬಂದವರು ಅಲ್ಲಿಯೂ ಹೆಡ್‌ಫೋನ್ ಹಾಕಿಕೊಂಡು ವಿಡಿಯೊ ಕಾಲ್‌ನಲ್ಲೇ ಕೂರುವಂತಾಗುತ್ತದೆ.

ಇಷ್ಟಾದರೂ ವಾರಗಟ್ಟಲೆ ನಿದ್ದೆ ಬಾರದೆ, ಯಾವುದರಲ್ಲೂ ಆಸಕ್ತಿ ಉಳಿಯದೆ ಹೋದರೆ ಅದು ಸೋಮಾರಿತನವೆಂದು ತಳ್ಳಿಹಾಕುವಂಥದ್ದಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416 ಸಂಖ್ಯೆಗೆ, ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಆಪ್ತಸಲಹೆ ಪಡೆಯಬಹುದು.