ಆಮೆನ್ ಆಯ್ತು, ಮುಂದೇನು?

2023ರ ಬರ ನೆನಪಿದೆಯಲ್ಲ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಬೋರ್ ಬತ್ತುವುದು, ತೋಟ ಉಳಿಸಲು ಟ್ಯಾಂಕರ್ ಹಿಂದೆ ಓಡುವುದು ಹೊಸದೇನಲ್ಲ. ಮುಂದಿನ ಬರ ಬರುವ ಮೊದಲೇ ನಿಮ್ಮ ವಿಶ್ವಾಸಕ್ಕೆ ಕೈಕಾಲು ಕೊಡಿ. ಯೂತ್ ಮೀಟಿಂಗಿಗೆ ಹೋಗುವ ಪ್ರತಿಯೊಬ್ಬರಿಗೂ ಈ ಸೂತ್ರಗಳು.

1. ಪ್ರೇಯರ್ ರಿಕ್ವೆಸ್ಟಿಗೆ ಡೆಡ್‌ಲೈನ್ ಹಾಕಿ.
ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕೈಮುಗಿದ ಇಮೋಜಿ ಒತ್ತಿ ಸುಮ್ಮನಾಗಬೇಡಿ. ಯಾರು ಹೋಗಿ ನೋಡುತ್ತೀರಿ, ಯಾವತ್ತು ಹೋಗುತ್ತೀರಿ? ಅದನ್ನೂ ಅಲ್ಲೇ ಟೈಪ್ ಮಾಡಿ. ಹಸಿದವನಿಗೆ ಬರೀ ಹಾರೈಕೆ ಕೊಟ್ಟು ಕಳಿಸುವವರನ್ನು ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಸುಮ್ಮನೆ ಬಿಟ್ಟಿಲ್ಲ.

2. ಪೇಪರ್‌ವರ್ಕ್ ಕೂಡ ಸೇವೆಯೇ. ಕಲಿಯಿರಿ.
ನಿಮ್ಮ ಬೀದಿಯ ಅಜ್ಜನಿಗೆ ಕಂಬಳಿಗಿಂತ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಮುಖ್ಯ. ಬರ ಪರಿಹಾರದ ಮೊದಲ ಕಂತು, ಗರಿಷ್ಠ 2,000 ರೂಪಾಯಿ, 2024ರ ಜನವರಿಯಲ್ಲಿ ಬಂದಾಗ ಲೆಕ್ಕ ಹಾಕಿದ್ದು ಆ ಸಂಖ್ಯೆ ಕೊಡುವ ಸರ್ಕಾರಿ ತಂತ್ರಾಂಶ ‘ಫ್ರೂಟ್ಸ್’ನ ದಾಖಲೆ ನೋಡಿಯೇ. ಹಾಗಾಗಿ ಹೀಗೆ ಮಾಡಿ: ಒಂದು ಬೆಳಿಗ್ಗೆ ಅಜ್ಜನನ್ನು ಬೈಕಿನಲ್ಲಿ ಕೂರಿಸಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಆಧಾರ್, ಪಹಣಿ, ಪಾಸ್‌ಬುಕ್ ಮೂರೂ ಒಂದೇ ಕವರಿನಲ್ಲಿರಲಿ. ಎಲ್ಲ ಸರ್ವೆ ನಂಬರೂ ಸೇರಿದೆಯಾ ಅಂತ ಸ್ಕ್ರೀನ್ ಮೇಲೆ ಕಣ್ಣಾರೆ ನೋಡಿ. ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗದಿದ್ದರೆ ಅವತ್ತೇ ಅರ್ಜಿ ಬರೆಯಿರಿ. ಬ್ಯಾಂಕಿಗೂ ಹೋಗಿ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ಕೇಳಿ. ಒಟಿಪಿ ಬರುವ ನಂಬರ್ ಮೊಮ್ಮಗನದು, ಆ ಮೊಮ್ಮಗ ಬೆಂಗಳೂರಿನಲ್ಲಿ! ಅವನಿಗೆ ಹಿಂದಿನ ದಿನವೇ ಫೋನ್ ಮಾಡಿಸಿಡಿ. ಇಷ್ಟು ಮಾಡಿದರೆ ಭಾನುವಾರ ಸಾಕ್ಷಿ ಹೇಳದಿದ್ದರೂ ನಡೆಯುತ್ತದೆ.

3. ರೇಟ್ ಇದ್ದಾಗಲೇ ಐದರಲ್ಲೊಂದು ಪಾಲು ಎತ್ತಿಡಿ.
ಯೋಸೇಫ ಫರೋಹನಿಗೆ ಕೊಟ್ಟ ಪ್ಲ್ಯಾನ್ ಇದು: ಸುಭಿಕ್ಷದ 7 ವರ್ಷ ಬೆಳೆಯ ಐದನೇ ಒಂದು ಭಾಗ ಕೂಡಿಡು. ಅಡಿಕೆಗೆ ಬೆಲೆ ಬಂದ ವರ್ಷ, ಅಜ್ಜಂಪುರದ ಈರುಳ್ಳಿ ಕೈಹಿಡಿದ ವರ್ಷ ಮೊದಲು ಆರ್‌ಡಿ ಕಟ್ಟಿ, ಆಮೇಲೆ ಬೈಕ್ ಬುಕ್ ಮಾಡಿ. ಸಂಬಳದವರಿಗೂ ಇದೇ ಲೆಕ್ಕ.

4. ಸಾಲ ಮುಚ್ಚಿಡಬೇಡಿ, ಪಟ್ಟಿ ಮಾಡಿ.
ಸಂಘದ ಕಂತು, ಕೈಸಾಲ, ಒಡವೆ ಸಾಲ ಎಲ್ಲವನ್ನೂ ಬಡ್ಡಿ ಸಮೇತ ಒಂದೇ ಹಾಳೆಗೆ ಇಳಿಸಿ. ಬಡ್ಡಿ ಜಾಸ್ತಿ ಇರುವುದನ್ನು ಮೊದಲು ತೀರಿಸಿ. ವಸೂಲಿಗೆ ಬಂದವರು ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ. ಕಿರುಸಾಲ ವಸೂಲಿಯಲ್ಲಿ ಕಿರುಕುಳ ಕೊಡುವುದಕ್ಕೆ ಶಿಕ್ಷೆ ವಿಧಿಸುವ ಕಾನೂನನ್ನು ರಾಜ್ಯ ಸರ್ಕಾರ 2025ರಲ್ಲೇ ತಂದಿದೆ. ಉಪವಾಸ ಪ್ರಾರ್ಥನೆ ಬೇಡ ಅನ್ನುತ್ತಿಲ್ಲ, ಆ ಹಾಳೆ ಕೈಯಲ್ಲಿಟ್ಟುಕೊಂಡೇ ಪ್ರಾರ್ಥಿಸಿ.

5. ‘ನಾವು ನಾಲ್ಕೇ ಮನೆ’ ಅನ್ನುವ ಚಟ ಬಿಡಿ.
ನಮ್ಮ ಕಡೆ ಸಭೆಗಳು ಚಿಕ್ಕವು, ನಿಜ. ಗಿದ್ಯೋನನ ಪಡೆ 32,000ದಿಂದ 300ಕ್ಕೆ ಇಳಿದ ಮೇಲೇ ಗೆದ್ದದ್ದು. ಚಿಕ್ಕ ಟೀಮಿನಲ್ಲಿ ಜವಾಬ್ದಾರಿ ಜಾರಿಸಿಕೊಳ್ಳಲು ಯಾರಿಗೂ ಜಾಗವಿರಲ್ಲ. ಯೆರೂಸಲೇಮಿನಲ್ಲಿ ಕೆಲವು ವಿಧವೆಯರಿಗೆ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಾಗ ಅಪೊಸ್ತಲರು ಏಳೇ ಜನರನ್ನು ಆ ಕೆಲಸಕ್ಕೆ ನೇಮಿಸಿದರು. ನಿಮ್ಮಲ್ಲಿ ಮೂವರು ಸಾಕು: ಒಬ್ಬರು ಲೆಕ್ಕಕ್ಕೆ, ಒಬ್ಬರು ಓಡಾಟಕ್ಕೆ, ಒಬ್ಬರು ಫೋನಿಗೆ. ಪಾಸ್ಟರ್ ತಲೆಗೇ ಎಲ್ಲ ಕಟ್ಟಬೇಡಿ.

6. ಸಹಾಯಕ್ಕೆ ಆದಾಯದ ದಾರಿ ಹುಡುಕಿ.
ಕಾಣಿಕೆ ಡಬ್ಬಿ ಬರದ ವರ್ಷ ಖಾಲಿಯೇ ಇರುತ್ತದೆ. ಮಂಗಳೂರಿನ ಫಾದರ್ ಅಗಸ್ಟಸ್ ಮುಲ್ಲರ್ ಅವರನ್ನು ನೋಡಿ. 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. ಅದೇ ಔಷಧ ಮಾರಾಟದ ದುಡ್ಡು ಬಡವರ ಚಿಕಿತ್ಸೆಗೆ ಆಸರೆಯಾಯಿತು. 1890ಕ್ಕೆ ಕುಷ್ಠರೋಗಿಗಳ ಆಶ್ರಯಧಾಮ, 1902ಕ್ಕೆ ಪ್ಲೇಗ್ ಆಸ್ಪತ್ರೆ! ನಿಮಗೆ ಟ್ಯೂಷನ್ ಹೇಳಲು ಬರುತ್ತಾ? ವೈರಿಂಗ್? ಡಿಟಿಪಿ? ತಿಂಗಳಿಗೆ ಒಂದು ಶನಿವಾರದ ದುಡಿಮೆಯನ್ನು ಕಷ್ಟದ ನಿಧಿಗೆ ಬರೆದುಕೊಡಿ.

7. ಷರತ್ತು ಹಾಕಬೇಡಿ.
ಅಕ್ಕಿ ಕೊಟ್ಟು ಆರಾಧನೆಗೆ ಕರೆಯುವುದು ವ್ಯಾಪಾರ. ನನಗಂತೂ ಅದು ಸೇವೆ ಅನ್ನಿಸುವುದಿಲ್ಲ. ಹಾಸನದ ಹತ್ತಿರ ಸಟ್ಟಹಳ್ಳಿಯಲ್ಲಿ ಬೇಸಾಯದ ನೆಲೆ ಕಟ್ಟಿಕೊಟ್ಟ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ 1803-04ರಲ್ಲಿ ಮೈಸೂರು ಸೀಮೆಯ 25,000ಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಸಿಡುಬು ಜಾತಿ, ಧರ್ಮ ಕೇಳಿ ಬರುತ್ತಿರಲಿಲ್ಲ. ಬರವೂ ಅಷ್ಟೇ. ಪಟ್ಟಿಯಲ್ಲಿ ಪಕ್ಕದ ಕೇರಿಯವರ ಹೆಸರು ಮೊದಲಿರಲಿ.

8. ನಿಮ್ಮ ಹೊಟ್ಟೆ, ನಿಮ್ಮ ಓದು ಬಿಡಬೇಡಿ.
ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಪೌಲ 14ನೇ ದಿನ ಎಲ್ಲ 276 ಜನರಿಗೂ ‘ಮೊದಲು ಊಟ ಮಾಡಿ’ ಅಂದ. ದಡ ಇನ್ನೂ ಸಿಕ್ಕಿರಲಿಲ್ಲ, ಆದರೆ ಈಜಲು ಶಕ್ತಿ ಬೇಕಿತ್ತು. ಮನೆಯಲ್ಲಿ ಕಷ್ಟ ಅಂತ ಹಾಲ್ ಟಿಕೆಟ್ ಪಕ್ಕಕ್ಕಿಡಬೇಡಿ. ಬೀರೂರು ಜಂಕ್ಷನ್ನಿನಲ್ಲಿ ಟ್ರೈನ್ ಲೇಟಾದರೆ ಆ ಹೊತ್ತಿನಲ್ಲಿ ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ಫೀಸಿಗೆ ದುಡ್ಡಿಲ್ಲವೇ? ಈ ವಾರವೇ ಎಸ್‌ಎಸ್‌ಪಿ ಪೋರ್ಟಲ್ ತೆರೆದು ಸ್ಕಾಲರ್‌ಶಿಪ್ಪಿನ ಕೊನೇ ದಿನಾಂಕ ನೋಡಿ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಜೊತೆಗೆ ಆ ದಿನಾಂಕವನ್ನು ಯೂತ್ ಗ್ರೂಪಿನಲ್ಲೂ ಹಾಕಿ, ಇನ್ನೂ ಯಾರಿಗೆ ಬೇಕಿದೆಯೋ.